ಇವತ್ತು ಹೊಸ ಕೃತಿ ಕಟ್ಟುವವರ ಕೆಲಸ ನಿಜಕ್ಕೂ ಏನು?

ಮೈಸೂರಿನಲ್ಲಿ ಸಂಗೀತ ಪಾಠ ಹೇಳುವವರು ಅಂದರೆ ಜನಕ್ಕೆ ಅರ್ಥವಾಗುತ್ತದೆ. ಕಚೇರಿ ಮಾಡುವವರು ಅಂದರೂ ಅರ್ಥವಾಗುತ್ತದೆ. ‘ಹೊಸ ಕೃತಿ ರಚನೆ ಮಾಡುತ್ತೇನೆ’ ಅಂದರೆ ಮಾತ್ರ ಎದುರಿಗಿದ್ದವರು ಒಂದು ಕ್ಷಣ ತಡೆಯುತ್ತಾರೆ. ಆಮೇಲೆ ಕೇಳುತ್ತಾರೆ: ‘ತ್ಯಾಗರಾಜರು, ದೀಕ್ಷಿತರು ಎಲ್ಲಾ ಮಾಡಿಟ್ಟು ಹೋಗಿದ್ದಾರಲ್ಲ ಮೇಷ್ಟ್ರೇ, ಇನ್ನೇನು ಬಾಕಿ ಇದೆ?’

ಪ್ರಶ್ನೆ ತಪ್ಪೇನಲ್ಲ. ಆದರೆ ಇದೇ ಊರಿನಲ್ಲಿ ನಿಂತು ಕೇಳುವ ಪ್ರಶ್ನೆ ಅಲ್ಲ ಅದು. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಜಯಚಾಮರಾಜ ಒಡೆಯರ್ 1974ರಲ್ಲಿ. ಇಬ್ಬರೂ ಕೃತಿ ರಚಿಸಿದವರು, ಇಬ್ಬರನ್ನೂ ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂದರೆ ಕೃತಿರಚನೆ ಯಾವುದೋ ಪುರಾಣ ಕಾಲದ ಕೆಲಸ ಅಲ್ಲ, ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಇದೇ ಬೀದಿಗಳಲ್ಲಿ ನಡೆಯುತ್ತಿದ್ದ ಕೆಲಸ. ಈಗಲೂ ನಡೆಯುತ್ತಿದೆ. ಹೇಗೆ ನಡೆಯುತ್ತದೆ, ಅದರಿಂದ ಹೊಟ್ಟೆ ತುಂಬುತ್ತದಾ, ಹೊಸ ಹಾಡು ಕಚೇರಿಯಲ್ಲಿ ಯಾಕೆ ಕೇಳಿಸುವುದಿಲ್ಲ, ಇದನ್ನೆಲ್ಲ ಬಿಡಿಸಿ ಹೇಳೋಣ ಅಂತ ಕೂತಿದ್ದೇನೆ.

ಮೊದಲು ಕೆಲಸದ ವಿಷಯ. ಸಿನಿಮಾದಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು. ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರ ಅಂತ ಕರೆಯುವುದು ಎರಡನ್ನೂ ತಾನೇ ಮಾಡುವವನನ್ನು. ಮಾತೂ ಅವನದೇ, ಧಾತುವೂ (ಅದರ ಸಂಗೀತವೂ) ಅವನದೇ. ಎರಡೂ ಒಟ್ಟಿಗೇ ಹುಟ್ಟಬೇಕು ಅನ್ನುವುದು ಆದರ್ಶ. ದಿನನಿತ್ಯದ ಕೆಲಸದಲ್ಲಿ ಒಂದು ಸಲ ಸಾಲು ಮುಂದೆ ಓಡುತ್ತದೆ, ಇನ್ನೊಂದು ಸಲ ರಾಗದ ತುಣುಕು ಮುಂದೆ ಓಡುತ್ತದೆ, ಹಿಂದೆ ಉಳಿದದ್ದನ್ನು ಎಳೆದು ತರಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡರೆ ಸುಲಭ. ಕಾವೇರಿಯ ಮೇಲೆ ಒಂದು ಕೃತಿ ಅಂತ ಇಟ್ಟುಕೊಳ್ಳಿ. ಪಲ್ಲವಿ, ಅಂದರೆ ಮತ್ತೆಮತ್ತೆ ಬರುವ ಮೊದಲ ಸಾಲು: ‘ಹರಿದು ಬಾರೇ ಕಾವೇರಿ’. ಅನುಪಲ್ಲವಿ, ಅಂದರೆ ಅದರ ಮುಂದಿನ ಭಾಗ: ‘ಬರಿದು ನೆಲಕೆ ಹಸಿರ ತಂದ ತಾಯೇ’. ಹರಿದು, ಬರಿದು, ಎರಡರಲ್ಲೂ ಎರಡನೇ ಅಕ್ಷರ ‘ರಿ’. ಇದು ದ್ವಿತೀಯಾಕ್ಷರ ಪ್ರಾಸ, ಹಳಗನ್ನಡ ಪದ್ಯ ಓದಿದವರಿಗೆ ಇದೇ ಆದಿಪ್ರಾಸ. ಅನುಪಲ್ಲವಿ ಶುರುವಾದಾಗ ಕಿವಿಗೆ ಪಲ್ಲವಿಯ ನೆನಪು ಬರುವುದು ಇದರಿಂದಲೇ. ಪ್ರಾಸಕ್ಕೋಸ್ಕರ ಅರ್ಥ ಕೆಡಿಸುವ ರಚನೆಗಳು ಬೇಕಾದಷ್ಟಿವೆ. ನನಗೆ ಅಂಥವು ಬೇಡ. ಪ್ರಾಸ ಸಿಗದಿದ್ದರೆ ಸಾಲನ್ನೇ ಬದಲಾಯಿಸಬೇಕು, ಸುಮ್ನೆ ಒಂದು ಪದ ತುರುಕಬಾರದು.

ಈಗ ರಾಗ. ಕಾವೇರಿ ಅಂದ ತಕ್ಷಣ ಅಸಾವೇರಿ ಅಂತ ಮನಸ್ಸು ಹೋಗುತ್ತದೆ, ಯಾಕೆಂದರೆ ತ್ಯಾಗರಾಜರು ‘ಸಾರಿ ವೆಡಲಿನ’ ಎಂದು ಕಾವೇರಿಯನ್ನು ಅಸಾವೇರಿಯಲ್ಲೇ ಹಾಡಿಬಿಟ್ಟಿದ್ದಾರೆ. ಅಲ್ಲಿಗೆ ಹೋದರೆ ನಮ್ಮ ಪ್ರತಿ ಸಾಲೂ ಅವರ ಸಾಲಿನ ಪಕ್ಕದಲ್ಲಿ ನಿಲ್ಲುತ್ತದೆ. ಅದಕ್ಕೇ ಕೇದಾರಗೌಳ ತೆಗೆದುಕೊಳ್ಳೋಣ. 28ನೇ ಮೇಳ (ಮೂಲ ರಾಗ) ಹರಿಕಾಂಭೋಜಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಮೇಲೆ ಹೋಗುವಾಗ ಸ ರಿ ಮ ಪ ನಿ ಸ, ಕೆಳಗೆ ಬರುವಾಗ ಸ ನಿ ದ ಪ ಮ ಗ ರಿ ಸ. ಹತ್ತುವಾಗ ಗಾಂಧಾರ ಧೈವತ ಇಲ್ಲ, ಇಳಿಯುವಾಗ ಏಳೂ ಸ್ವರ ಇವೆ. ನೀರಿನ ಹಾಡಿಗೆ ಇಳಿತ ತುಂಬಾ ಚೆನ್ನಾಗಿ ಒದಗುತ್ತದೆ. ಆದರೆ ಪಕ್ಕದಲ್ಲೇ ಸುರಟಿ ರಾಗ ಕಾದು ಕೂತಿದೆ. ಅದರ ಆರೋಹಣವೂ ಇದೇ ಸ್ವರಗಳು. ಗಾಂಧಾರವನ್ನು ಹೇಗೆ ಹಿಡಿಯುತ್ತೀರಿ ಅನ್ನುವುದರ ಮೇಲೆ ಎರಡು ರಾಗ ಬೇರೆಯಾಗುತ್ತವೆ. ಕೇದಾರಗೌಳದಲ್ಲಿ ಅದು ಸ್ಪಷ್ಟವಾಗಿ ಕೇಳಬೇಕು. ಸುರಟಿಯಲ್ಲಿ ಅದು ಮಧ್ಯಮದ ಆಸರೆಯಲ್ಲಿ ಬಂದು ಹೋಗುತ್ತದೆ. ಒಂದು ಗಮಕ (ಸ್ವರವನ್ನು ಓಲಾಡಿಸುವುದು) ಜಾಸ್ತಿಯಾದರೆ ಬೇರೆ ಮನೆಗೆ ಕಾಲಿಟ್ಟ ಹಾಗೆ. ಹಾಗಾಗಿ ರಚನೆ ಮಾಡುವವನು ಬರೆಯುವುದಕ್ಕಿಂತ ಹತ್ತು ಪಟ್ಟು ಹೊತ್ತು ಹಳೆಯ ಕೃತಿಗಳನ್ನು ಹಾಡಿಕೊಳ್ಳುತ್ತಾ ಕೂರುತ್ತಾನೆ. ರಾಗದ ದಾರಿ ಕಾಣುವುದು ಅಲ್ಲೇ, ಆರೋಹಣ ಅವರೋಹಣ ನೋಡಿಕೊಂಡು ಕಟ್ಟಿದ್ದು ಸ್ವರಾಭ್ಯಾಸದ ಥರ ಕೇಳಿಸುತ್ತದೆ.

ಇನ್ನು ತಾಳ. ಆದಿತಾಳ ಎಂಟು ಅಕ್ಷರ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಬೀಸು ಎರಡು ಸಲ. ಪ್ರತಿ ಅಕ್ಷರವನ್ನು ನಾಲ್ಕಾಗಿ ಒಡೆದರೆ ಒಂದು ಆವರ್ತಕ್ಕೆ 32 ಭಾಗ. ನಮ್ಮ ಸಾಲಿನಲ್ಲಿ ಎಷ್ಟು ಮಾತ್ರೆ ಇದೆ? ಹ, ರಿ, ದು ಮೂರು ಲಘು. ಬಾ, ರೇ, ಕಾ, ವೇ ನಾಲ್ಕು ಗುರು, ಕೊನೆಗೆ ರಿ ಲಘು. ಒಟ್ಟು 12. ಅಂದರೆ 32ರ ಜಾಗದಲ್ಲಿ 12 ಮಾತ್ರೆಯ ಮಾತು, ಉಳಿದ 20 ಎಳೆತ, ಗಮಕ, ವಿರಾಮ. ಆ 20 ಎಲ್ಲಿ ಹೋಗಬೇಕು ಅನ್ನುವುದೇ ಕೃತಿಕಾರನ ಮುಖ್ಯ ತೀರ್ಮಾನ. ದೀರ್ಘ ಅಕ್ಷರದ ಮೇಲೆ ಹೋದರೆ ಮಾತು ಉಳಿಯುತ್ತದೆ. ‘ಹರಿದು’ ಅನ್ನುವುದರ ‘ರಿ’ ಮೇಲೆ ಹೋದರೆ ‘ಹರೀ...ದು’ ಆಗುತ್ತದೆ, ಕೇಳುವವರು ವಿಷ್ಣುವಿನ ಮೇಲಿನ ಹಾಡು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಇದು ದೊಡ್ಡ ಕಷ್ಟ, ಯಾಕೆಂದರೆ ನಮ್ಮ ದಿನದ ಮಾತಿನಲ್ಲಿ ಹ್ರಸ್ವ ಅಕ್ಷರಗಳೇ ಜಾಸ್ತಿ. ಎಳೆಯೋಕೆ ಜಾಗ ಸಿಗುವುದಿಲ್ಲ. ಅದಕ್ಕೇ ಎಷ್ಟೋ ಜನ ಕನ್ನಡದಲ್ಲಿ ಬರೆಯಲು ಹೊರಟು ಕೊನೆಗೆ ‘ದೇವೀ’, ‘ಪಾಹಿ ಮಾಂ’, ‘ದೀನಪಾಲಿನೀ’ ಅಂತ ಸಂಸ್ಕೃತದ ದೀರ್ಘಗಳಿಗೆ ಓಡುತ್ತಾರೆ.

ಎಡುಪು ಅಂತ ಇನ್ನೊಂದು ಇದೆ, ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ಹಾಡು ತಾಳದ ಮೊದಲ ಪೆಟ್ಟಿಗೇ ಶುರುವಾಗಬೇಕೆಂದೇನೂ ಇಲ್ಲ. ಪೆಟ್ಟು ಬಿದ್ದು ಅರ್ಧ ಅಕ್ಷರ ಆದ ಮೇಲೆ ಎತ್ತಿಕೊಂಡರೆ ‘ಹರಿದು’ ಅನ್ನುವ ಮೂರು ಚಿಕ್ಕ ಅಕ್ಷರಗಳು ಸರಸರ ಬಂದು, ‘ಬಾರೇ’ ನಿಧಾನವಾಗಿ ಹರಡಿ, ‘ಕಾವೇರಿ’ಯ ‘ಕಾ’ ಐದನೇ ಎಣಿಕೆಯ ಪೆಟ್ಟಿಗೆ ಸರಿಯಾಗಿ ಕೂರುತ್ತದೆ. ಇಡೀ ಸಾಲಿನ ತೂಕ ನದಿಯ ಹೆಸರಿನ ಮೇಲೆ ಬೀಳುತ್ತದೆ. ಮೃದಂಗದವರಿಗೂ ಅಲ್ಲಿ ಕೆಲಸ ಸಿಗುತ್ತದೆ. ಆಮೇಲೆ ಸಂಗತಿಗಳು. ಅದೇ ಸಾಲನ್ನು ಮೊದಲು ಸರಳವಾಗಿ, ಆಮೇಲೆ ಒಂದೊಂದೇ ಬದಲಾವಣೆ ಮಾಡುತ್ತಾ ಹಾಡುವುದು. ನಿಯಮ ಒಂದೇ: ಪ್ರತಿ ಸಂಗತಿಯೂ ಹೊರಟ ಎಡುಪಿಗೇ ವಾಪಸ್ ಬರಬೇಕು, ಮಾತು ತನ್ನ ಜಾಗ ಬಿಟ್ಟು ಕದಲಬಾರದು. ಸಂಗತಿ ಹಾಕೋಕೆ ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ಒಳ್ಳೆಯ ಕೃತಿಕಾರರು ಮೂರು ನಾಲ್ಕಕ್ಕೆ ನಿಲ್ಲಿಸಿ, ಉಳಿದದ್ದನ್ನು ಹಾಡುವವರ ಮನೋಧರ್ಮಕ್ಕೆ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಅನುಪಲ್ಲವಿಯ ನಂತರ ಬರುವ ಚರಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತ್ಯಾಗರಾಜರ ಎಷ್ಟೋ ಕೃತಿಗಳಲ್ಲಿ ಚರಣದ ಕೊನೆಯ ಭಾಗ ಅನುಪಲ್ಲವಿಯ ಮಟ್ಟಿನಲ್ಲೇ ನಡೆಯುತ್ತದೆ, ಕಲಿಯುವವರಿಗೆ ಅದು ದೊಡ್ಡ ಅನುಕೂಲ. ದೀಕ್ಷಿತರು ಮಧ್ಯಮ ಕಾಲದ, ಅಂದರೆ ಎರಡು ಪಟ್ಟು ವೇಗದ, ಸಾಹಿತ್ಯ ಇಟ್ಟರು. ಕೊನೆಗೆ ಮುದ್ರೆ ಅಥವಾ ಅಂಕಿತ. ದೀಕ್ಷಿತರದು ‘ಗುರುಗುಹ’, ವಾಸುದೇವಾಚಾರ್ಯರದು ‘ವಾಸುದೇವ’, ಒಡೆಯರದು ‘ಶ್ರೀವಿದ್ಯಾ’. ಪಿಟೀಲು ಚೌಡಯ್ಯನವರೂ ಕೃತಿ ರಚಿಸಿದ್ದಾರೆ, ಅವರ ಅಂಕಿತ ‘ತ್ರಿಮಕುಟ’. ಕಾವೇರಿ ಕಪಿಲೆ ಸೇರುವ ತಿರುಮಕೂಡಲು ಅವರ ಊರು.

ಇಷ್ಟಾದರೆ ಕೃತಿ ಮುಗಿಯಿತಾ? ಇಲ್ಲ. ಕೆಲಸದ ಅರ್ಧ ಭಾಗ ಇಲ್ಲಿಂದ ಶುರು. ಇದನ್ನೇ ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ರಚನೆ ಅಂದರೆ ಸ್ಕೋರ್. ಕಾಗದದ ಮೇಲೆ ಎಲ್ಲವೂ ಇರುತ್ತದೆ, ಯಾವ ವಾದ್ಯ ಯಾವಾಗ ಎಷ್ಟು ಜೋರಾಗಿ ಅನ್ನುವುದೂ ಸೇರಿ. ಎಲ್ಲೋ ಒಂದು ಊರಿನ ವಾದ್ಯವೃಂದ ಅದನ್ನು ತರಿಸಿಕೊಂಡು ನುಡಿಸಬಹುದು. ನಮ್ಮ ಸ್ವರಲಿಪಿಯಲ್ಲಿ ಸ್ವರ ಇದೆ, ಮೇಲೆ ಕೆಳಗೆ ಚುಕ್ಕಿ ಇದೆ, ಎಳೆತಕ್ಕೆ ಅಲ್ಪವಿರಾಮ ಅರ್ಧವಿರಾಮ ಇದೆ. ಗಮಕ ಸಾಮಾನ್ಯವಾಗಿ ಇಲ್ಲ. ಸುಬ್ಬರಾಮ ದೀಕ್ಷಿತರು 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಗುರುತು ಹಾಕಿ ದೊಡ್ಡ ಕೆಲಸ ಮಾಡಿದರು, ಆದರೆ ಅದು ದಿನಬಳಕೆಗೆ ಬರಲಿಲ್ಲ. ಹಾಗಾಗಿ ನಮ್ಮಲ್ಲಿ ಕೃತಿ ಬದುಕುವುದು ಪಾಠಾಂತರದಲ್ಲಿ. ಒಬ್ಬರು ಹಾಡಿ ತೋರಿಸಬೇಕು, ಇನ್ನೊಬ್ಬರು ಕೂತು ಕಲಿಯಬೇಕು, ಅವರು ಮೂರನೆಯವರಿಗೆ ಹೇಳಿಕೊಡಬೇಕು.

ತ್ಯಾಗರಾಜರ ಕೃತಿಗಳು ಉಳಿದದ್ದು ಅವರ ಶಿಷ್ಯರಿಂದ. ವಾಲಾಜಾಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನಂ ಅಂತ ಬೇರೆಬೇರೆ ಶಿಷ್ಯ ಪರಂಪರೆಗಳು ಅವನ್ನು ಹೊತ್ತು ತಂದವು, ಅದಕ್ಕೇ ಒಂದೇ ಕೃತಿಗೆ ಎರಡು ಮೂರು ಪಾಠ ಸಿಗುತ್ತವೆ. ವಾಸುದೇವಾಚಾರ್ಯರನ್ನು ಮೈಸೂರು ಅರಸರು ಕಲಿಯಲೆಂದು ತಿರುವೈಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರ ಕಳಿಸಿದರು. ಆ ಪರಂಪರೆ ಹಿಂದಕ್ಕೆ ಹೋದರೆ ತ್ಯಾಗರಾಜರನ್ನೇ ಮುಟ್ಟುತ್ತದೆ. ಮುಂದೆ ಅವರು ಖಮಾಚ್ ರಾಗದಲ್ಲಿ ‘ಬ್ರೋಚೇವಾರೆವರುರಾ’ ಮಾಡಿದರು. ಇವತ್ತು ಅದನ್ನು ಹಾಡದ ವಿದ್ವಾಂಸರಿಲ್ಲ, ಸಿನಿಮಾಕ್ಕೂ ಹೋಯಿತು, ಎಷ್ಟೋ ಜನ ಅದನ್ನು ತ್ಯಾಗರಾಜರದ್ದೇ ಅಂದುಕೊಂಡಿದ್ದಾರೆ. ಮೈಸೂರಿನವರಾಗಿ ನಮಗೆ ಬೇಜಾರಾಗುವ ಮಾತು, ಅಲ್ವಾ? ಆದರೆ ಕೃತಿಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಗೆಲುವಿಲ್ಲ. ಅದು ಬಾಯಿಂದ ಬಾಯಿಗೆ ಹೋಗಿದೆ.

ಹಾಗಾಗಿ ಇವತ್ತು ಕೃತಿ ಕಟ್ಟುವವರು ಮಾಡುವ ಮೊದಲ ಪರೀಕ್ಷೆ ತಮ್ಮ ಶಿಷ್ಯರ ಮೇಲೆ. ನಾನೂ ಅದನ್ನೇ ಮಾಡುತ್ತೇನೆ. ಹೊಸದನ್ನು ನಾನೇ ಹಾಡಿದರೆ ಚೆನ್ನಾಗಿಯೇ ಕೇಳಿಸುತ್ತದೆ, ಯಾಕೆಂದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದು ನನಗೆ ಗೊತ್ತು. ಪಾಠಕ್ಕೆ ಬರುವ ಹುಡುಗಿ ಎರಡನೇ ಸಂಗತಿಯಲ್ಲಿ ಪ್ರತಿ ಸಲ ಎಡವುತ್ತಾಳೆ ಅಂದರೆ ತಪ್ಪು ಅವಳದ್ದಲ್ಲ, ಸಂಗತಿಯದು. ‘ಮೇಷ್ಟ್ರೇ, ಇಲ್ಲಿ ಉಸಿರು ಸಾಲಲ್ಲ’ ಅಂದಳೆಂದರೆ ಅಲ್ಲಿ ತಿದ್ದಬೇಕು. ಫೋನಿನಲ್ಲಿ ಹಾಡಿ ರೆಕಾರ್ಡ್ ಮಾಡಿ ಕಳಿಸುವುದು ಈಗ ಎಲ್ಲರೂ ಮಾಡುತ್ತಾರೆ, ಸ್ವರಲಿಪಿಗೆ ಸಿಗದ ಗಮಕ ಅದರಲ್ಲಿ ಸಿಗುತ್ತದೆ. ಆದರೂ ಎದುರಿಗೆ ಕೂತು ಕಲಿತದ್ದೇ ಗಟ್ಟಿ.

ಈಗ ದುಡ್ಡಿನ ಮಾತು. ಹಿಂದೆ ಈ ಊರಿನಲ್ಲಿ ಆಸ್ಥಾನ ಇತ್ತು. ಮುತ್ತಯ್ಯ ಭಾಗವತರು ತಮಿಳುನಾಡಿನಿಂದ ಬಂದು ಇಲ್ಲಿ ಆಸ್ಥಾನ ವಿದ್ವಾಂಸರಾದರು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಮಾಡಿದರು, ಅದೂ ಕನ್ನಡದಲ್ಲಿ. ಒಬ್ಬ ಮನುಷ್ಯ ಒಂದೇ ದೇವಿಯ ಮೇಲೆ ಅಷ್ಟು ಕೃತಿ ಮಾಡಬೇಕಾದರೆ ಮನೆಯ ಅಕ್ಕಿ ಬೇಳೆಯ ಚಿಂತೆ ಇರಬಾರದು. ಸಂಬಳ ಬರುತ್ತಿತ್ತು, ಹಾಡಲು ವಿದ್ವಾಂಸರಿದ್ದರು, ಕೇಳಲು ಸಭೆ ಇತ್ತು. ಮೂರೂ ಒಂದೇ ಕಡೆ.

ಜಯಚಾಮರಾಜ ಒಡೆಯರ್ ತಾವೇ 94 ಕೃತಿ ರಚಿಸಿದರು. ಅವರ ಇನ್ನೊಂದು ಮುಖ ಈ ವಿಷಯಕ್ಕೆ ತುಂಬಾ ಮುಖ್ಯ. ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಕಂಪೋಸರ್‌ನ ಸಂಗೀತ ಇವರಿಗೆ ಇಷ್ಟ. ಆತನಿಗೆ ವಯಸ್ಸಾಗಿತ್ತು, ಜನ ಮರೆಯುತ್ತಿದ್ದರು. ಮೈಸೂರಿನ ಮಹಾರಾಜರು ದುಡ್ಡು ಕೊಟ್ಟು ಆತನ ರಚನೆಗಳನ್ನು ಆತನೇ ನುಡಿಸುವಾಗಲೇ ಧ್ವನಿಮುದ್ರಣ ಮಾಡಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಇವರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಹಾಡಿದಾಗಲೂ ಹಣದ ಭರವಸೆ ಕೊಟ್ಟವರು ಇವರೇ. ನಮ್ಮ ಅರಮನೆಯ ದುಡ್ಡಿನಿಂದ ಅಲ್ಲಿಯ ಸಂಗೀತ ಬದುಕಿತು ಅಂತ ಸುಮ್ಮನೆ ಹೆಮ್ಮೆ ಪಡುವುದಷ್ಟೇ ಅಲ್ಲ, ಅವರು ಏನಕ್ಕೆ ದುಡ್ಡು ಕೊಟ್ಟರು ಅಂತ ನೋಡಬೇಕು. ಕೊಟ್ಟದ್ದು ಹಾಡಿಸುವುದಕ್ಕೆ, ನುಡಿಸುವುದಕ್ಕೆ, ಧ್ವನಿಮುದ್ರಣಕ್ಕೆ. ರಚನೆಗೆ ಜೀವ ಬರುವುದು ಎಲ್ಲಿ ಅನ್ನುವುದು ಅವರಿಗೆ ಸರಿಯಾಗಿ ತಿಳಿದಿತ್ತು, ತಾವೇ ವಾಗ್ಗೇಯಕಾರರಾಗಿದ್ದರಲ್ಲ.

ಯುರೋಪಿನಲ್ಲಿ ಇವತ್ತು ಹೊಸ ರಚನೆ ಬೇಕೆಂದರೆ ವಾದ್ಯವೃಂದ ಅಥವಾ ಉತ್ಸವದವರು ಮೊದಲೇ ಸಂಭಾವನೆ ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಮುಂದೆ ಯಾರಾದರೂ ನುಡಿಸಿದಾಗಲೆಲ್ಲ ರಾಯಲ್ಟಿ ಬರುತ್ತದೆ, ಅದನ್ನು ಸಂಗ್ರಹಿಸಿ ಕೊಡಲು ಸಂಘಗಳಿವೆ. ಫ್ರಾನ್ಸಿನ ಸಂಘ 1851ರಷ್ಟು ಹಿಂದೆಯೇ ಶುರುವಾಯಿತು. ಅಲ್ಲೂ ಬರೀ ರಚನೆಯಿಂದಲೇ ಬದುಕುವವರು ಕಡಿಮೆ, ಬಹಳಷ್ಟು ಜನ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಆದರೆ ರಚನೆಗೆ ಒಂದು ಬೆಲೆ ಇದೆ ಅನ್ನುವುದು ಒಪ್ಪಿಕೊಂಡ ಮಾತು.

ನಮ್ಮಲ್ಲಿ ಕಚೇರಿಯ ಸಂಭಾವನೆ ಹಾಡಿದವರಿಗೆ, ಪಿಟೀಲಿನವರಿಗೆ, ಮೃದಂಗದವರಿಗೆ. ಹಾಡು ಕಟ್ಟಿದವರಿಗೆ ಅಂತ ಒಂದು ಲೆಕ್ಕವೇ ಇಲ್ಲ. ಹಾಗಾದರೆ ಜೀವನ ಹೇಗೆ? ಪಾಠ. ಬೆಳಿಗ್ಗೆ ಬೇಗ ಅಮೆರಿಕದ ಮಕ್ಕಳಿಗೆ ಆನ್‌ಲೈನ್, ಸಂಜೆ ಊರಿನ ಮಕ್ಕಳಿಗೆ ಮನೆಯಲ್ಲಿ. ರಚನೆಗೆ ದುಡ್ಡು ಬರುವ ಜಾಗ ನಿಜವಾಗಿ ಭರತನಾಟ್ಯ. ರಂಗಪ್ರವೇಶಕ್ಕೆ ಹೊಸ ವರ್ಣ ಬೇಕು, ತಿಲ್ಲಾನ ಬೇಕು, ಇಂಥ ತಾಳ ಇಂಥ ಜತಿಗೆ ಹೊಂದಬೇಕು ಅಂತ ಕೇಳಿಕೊಂಡು ಬರುತ್ತಾರೆ, ಸಂಭಾವನೆ ಕೊಡುತ್ತಾರೆ. ಗಡುವು ಇರುತ್ತದೆ, ಆದ್ದರಿಂದ ಕೆಲಸ ಮುಗಿಯುತ್ತದೆ! ಇನ್ನೊಂದು ಜಾಗ ವಚನ, ದಾಸರ ಪದಗಳಿಗೆ ರಾಗ ಸಂಯೋಜನೆ. ಹರಿದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿವೆ, ಈಗ ನಾವು ಕೇಳುವ ಮಟ್ಟುಗಳಲ್ಲಿ ಹೆಚ್ಚಿನವು ಇತ್ತೀಚಿನ ವಿದ್ವಾಂಸರು ಹಾಕಿದ್ದು. ಅಂದರೆ ಪುರಂದರದಾಸರ ಪದ ಕೇಳಿ ತಲೆದೂಗುವಾಗ ನಾವು ಯಾರೋ ಹೊಸಬರ ರಚನೆಗೂ ತಲೆದೂಗುತ್ತಿರುತ್ತೇವೆ. ಅವರ ಹೆಸರನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ವಿಷಯ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಕೇಳುತ್ತಾರೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು. ವಾಗ್ಗೇಯಕಾರನಿಗೆ ಎರಡರ ಹಕ್ಕೂ ಇದೆ. 1994ರ ತಿದ್ದುಪಡಿಗೆ ಮುಂಚೆ ಸಂಗೀತ ಕೃತಿ ಅನ್ನಿಸಿಕೊಳ್ಳಲು ಅದನ್ನು ಬರೆದಿಟ್ಟಿರಬೇಕಿತ್ತು. ಬಾಯಿಪಾಠದ ಪರಂಪರೆಗೆ ಇದು ಎಷ್ಟು ಅನ್ಯಾಯ ನೋಡಿ. ಈಗ ಆ ಷರತ್ತು ಇಲ್ಲ. ಹಕ್ಕು ಇರುವುದು ರಚನಕಾರರ ಜೀವಮಾನ ಮತ್ತು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ. ಹಾಗೆ ಲೆಕ್ಕ ಹಾಕಿದರೆ ವಾಸುದೇವಾಚಾರ್ಯರ ಕೃತಿಗಳ ಹಕ್ಕಿನ ಅವಧಿ 2021ರ ಕೊನೆಗೆ ಮುಗಿಯಿತು, ಒಡೆಯರದು 2034ರ ಕೊನೆಯವರೆಗೆ ಬರುತ್ತದೆ. ಬದುಕಿರುವವರ ಕೃತಿ ಹಾಡುವಾಗ ಹೆಸರು ಹೇಳುವುದು ಬರೀ ಸೌಜನ್ಯ ಅಲ್ಲ, ರಚನೆ ತನ್ನದು ಅಂತ ಹೇಳಿಕೊಳ್ಳುವ ಹಕ್ಕನ್ನು ಕಾಯ್ದೆ ಪ್ರತ್ಯೇಕವಾಗಿ ಕೊಟ್ಟಿದೆ. ನನ್ನ ಮಟ್ಟಿಗೆ ನಾನು ಹಾಡುವವರ ಹತ್ತಿರ ದುಡ್ಡು ಕೇಳುವುದಿಲ್ಲ. ಕೇಳಿದರೆ ಹಾಡುವುದಿಲ್ಲ, ಅಷ್ಟೇ. ಆದರೆ ಆಡಿಯೋ ಕಂಪನಿ, ಚಾನೆಲ್ಲು, ದೊಡ್ಡ ಉತ್ಸವಗಳು ಕೊಡಬೇಕು.

ಹೊಸ ಕೃತಿಗಳು ಯಾಕೆ ಕೇಳಿಸುವುದಿಲ್ಲ ಅನ್ನುವುದಕ್ಕೆ ಹಾಡುವವರನ್ನು ಮಾತ್ರ ಬೈಯುವುದು ಸರಿಯಲ್ಲ. ಕೆಟ್ಟ ರಚನೆಗಳೂ ಬಹಳ ಇವೆ. ದೇವರ ವಿಶೇಷಣಗಳನ್ನು ಸಾಲಾಗಿ ಜೋಡಿಸಿ, ಕಂಡು ಕೇಳದ ರಾಗ ಹಾಕಿ, ‘ಅಪೂರ್ವ ರಾಗದ ಕೃತಿ’ ಅಂತ ಕೊಡುತ್ತಾರೆ. ಹೊಸ ರಾಗ ಮಾಡುವುದೇ ಒಂದು ಸಾಧನೆ ಅಂತಾಗಿದೆ. ಬಾಲಮುರಳಿಕೃಷ್ಣ ನಾಲ್ಕೇ ಸ್ವರದಲ್ಲಿ ರಾಗ ಮಾಡಿ ಗೆದ್ದರು ನಿಜ, ಮುತ್ತಯ್ಯ ಭಾಗವತರ ಮೋಹನಕಲ್ಯಾಣಿ ನಿಂತಿತು ನಿಜ, ಅವರಿಗೆ ಆ ಶಕ್ತಿ ಇತ್ತು. ಉಳಿದವರಿಗೆ ಕಾಂಭೋಜಿಯಲ್ಲೋ ಭೈರವಿಯಲ್ಲೋ ಯಾರೂ ಹೇಳದ ಒಂದು ಸಾಲು ಹೇಳುವುದೇ ಹೆಚ್ಚು ಕಷ್ಟ, ಹೆಚ್ಚು ಒಳ್ಳೆಯದು.

ಸಾಹಿತ್ಯದಲ್ಲೂ ಅಷ್ಟೇ. ಭಕ್ತಿ ಬೇಡ ಅಂತಲ್ಲ. ಆದರೆ ನಮ್ಮ ಮಂಡ್ಯ ಜಿಲ್ಲೆಯ ಮೇಲುಕೋಟೆಯ ಪು.ತಿ.ನ. ಗೀತರೂಪಕಗಳನ್ನು ಬರೆದು, ರಾಗಗಳ ಬಗ್ಗೆ ತಾವೇ ತಲೆ ಕೆಡಿಸಿಕೊಂಡು, ಕನ್ನಡದ ಮಾತು ಹೀಗೂ ಹಾಡಾಗಬಹುದು ಅಂತ ತೋರಿಸಿದರು. ಬೇಸಾಯದ ನೆಲ, ಬತ್ತುವ ಕೆರೆ, ಮಗಳನ್ನು ಊರು ಬಿಟ್ಟು ಕಳಿಸಿದ ತಾಯಿ, ಇವೆಲ್ಲ ಕೇದಾರಗೌಳಕ್ಕೆ ಸಹಾನಕ್ಕೆ ಒಗ್ಗದ ವಿಷಯಗಳೇನಲ್ಲ.

ಇನ್ನು ಕಚೇರಿಯಲ್ಲಿ ಜಾಗ. ವರ್ಣ, ಒಂದೆರಡು ಚಿಕ್ಕ ಕೃತಿ, ನಡುವೆ ತನಿ ಆವರ್ತನದ (ಮೃದಂಗದವರು ಒಂಟಿಯಾಗಿ ನುಡಿಸುವ ಭಾಗ) ಜೊತೆ ದೊಡ್ಡ ಕೃತಿ, ಕೊನೆಗೆ ದೇವರನಾಮ. ಕನ್ನಡ ಬಹಳ ಸಲ ಆ ಕೊನೆಯ ಹತ್ತು ನಿಮಿಷದಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಬದುಕಿರುವವರ ಒಂದು ಕನ್ನಡ ಕೃತಿಯನ್ನು ನಡುವಿನ ದೊಡ್ಡ ಜಾಗದಲ್ಲಿ ಇಟ್ಟು, ಆಲಾಪನೆ, ನೆರವಲ್ (ಒಂದೇ ಸಾಲನ್ನು ಬೇರೆಬೇರೆ ರೀತಿ ವಿಸ್ತರಿಸಿ ಹಾಡುವುದು), ಸ್ವರ ಎಲ್ಲಾ ಮಾಡಿ ಹಾಡಿ ನೋಡಬೇಕು. ನೆರವಲ್‌ಗೆ ಒಗ್ಗುವ ಸಾಲು ಬರೆಯುವುದು ನಮ್ಮ ಜವಾಬ್ದಾರಿ. ಅದನ್ನು ಎತ್ತಿಕೊಳ್ಳುವುದು ಹಾಡುವವರದು. ಎಂಟನೇ ಕ್ರಾಸಿನ ಗಣೇಶೋತ್ಸವದ ಪೆಂಡಾಲಿನಲ್ಲೋ, ದಸರೆಯಲ್ಲಿ ಅರಮನೆಯ ಮುಂದೋ ಅಂಥ ಒಂದು ಕೃತಿ ಕೇಳಿದರೆ ಮೈಸೂರಿನ ಜನ ಎದ್ದು ಹೋಗುವುದಿಲ್ಲ, ಈ ಊರಿನ ಕೇಳುಗರ ಮೇಲೆ ನನಗೆ ಅಷ್ಟು ನಂಬಿಕೆ ಇದೆ.

ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಇಲ್ಲೇ ಇದೆ. ಪರೀಕ್ಷೆಗೆ ಕಟ್ಟುವ ಮಕ್ಕಳು ಮನೆಮನೆಯಲ್ಲಿದ್ದಾರೆ. ಪ್ರತಿ ಹಂತದ ಪಾಠದಲ್ಲಿ ಬದುಕಿರುವ ವಾಗ್ಗೇಯಕಾರರ ಒಂದು ಕೃತಿ ಕಡ್ಡಾಯವಾಗಿ ಇರಲಿ ಅನ್ನುವುದು ನಾನು ಸಿಕ್ಕವರ ಹತ್ತಿರವೆಲ್ಲ ಹೇಳುವ ಮಾತು. ಒಂದು ಕೃತಿ ಪಠ್ಯಕ್ಕೆ ಸೇರಿದರೆ ಅದೇ ವರ್ಷ ನೂರಾರು ಮನೆಗಳಲ್ಲಿ ಅದನ್ನು ಹೇಳಿಕೊಡಲೇಬೇಕಾಗುತ್ತದೆ, ಹೇಳಿಕೊಡುವ ಮೇಷ್ಟ್ರು ಮೇಡಂಗಳು ರಚಿಸಿದವರಿಗೇ ಫೋನ್ ಮಾಡಿ ‘ಸರ್, ಈ ನಿಷಾದ ಹೇಗೆ ಹಿಡೀಬೇಕು?’ ಅಂತ ಕೇಳಬಹುದು. ತ್ಯಾಗರಾಜರಿಗೆ ಹಾಗೆ ಫೋನ್ ಮಾಡಲು ಆಗುವುದಿಲ್ಲ.